ಅಂಗಡಿ ಗಾಜಿನ ಮೇಲಿನ ಹೆಸರು: ಚಿನ್ನದ ರೇಕೋ, ವಿನೈಲೋ?

ಪ್ರಶ್ನೆ: ನಮ್ಮದು ಹಳೆ ಗಡಿಯಾರ ರಿಪೇರಿ ಮಾಡುವ ಸಣ್ಣ ಅಂಗಡಿ. ಅಮ್ಮ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಜಾಗ ಬಾಡಿಗೆಯದು, ಕರಾರು ಇನ್ನೂ 6 ವರ್ಷ ಇದೆ. ಮುಂದೆ ಒಂದೇ ದೊಡ್ಡ ಗಾಜು, ಪಶ್ಚಿಮಕ್ಕೆ ಮುಖ. ಅದರ ಮೇಲಿದ್ದ ಚಿನ್ನದ ಬಣ್ಣದ ಅಕ್ಷರಗಳು ಕಂದು ತಿರುಗಿವೆ. ಹೊಸದಾಗಿ ಬರೆಸಬೇಕು. ಅಂಗಡಿಯ ಹೆಸರು ದೊಡ್ಡದಾಗಿ, ಅದರ ಕೆಳಗೆ ಸಣ್ಣಕ್ಷರದಲ್ಲಿ ಕೆಲಸದ ವಿವರ, ತೆರೆಯುವ ವೇಳೆ, ಫೋನ್ ನಂಬರ್. ಕೈಯಲ್ಲಿ ಬೋರ್ಡ್ ಬರೆಯುವ ಕಲಾವಿದರೊಬ್ಬರು "ಅಸಲಿ ಚಿನ್ನದ ರೇಕು ಹಾಕೋಣ, 30 ವರ್ಷ ಮುಟ್ಟಿ ನೋಡಬೇಕಾಗಿಲ್ಲ" ಅನ್ನುತ್ತಾರೆ. ಸ್ಟಿಕ್ಕರ್ ಕಟಿಂಗ್ ಮಾಡುವವರು "ಗೋಲ್ಡ್ ವಿನೈಲ್ ಹಾಕಿದರೆ ವ್ಯತ್ಯಾಸ ಯಾರಿಗೂ ಗೊತ್ತಾಗಲ್ಲ, ಒಂದೇ ದಿನದ ಕೆಲಸ" ಅನ್ನುತ್ತಾರೆ. ಪಕ್ಕದ ಅಂಗಡಿಯ ಸ್ಟಿಕ್ಕರ್ ಮಾತ್ರ ಕುಗ್ಗಿ, ಅಕ್ಷರದ ಸುತ್ತ ಕಪ್ಪು ಗೆರೆ ಬಂದಿದೆ. ಚಳಿಗಾಲದ ಬೆಳಗ್ಗೆ ನಮ್ಮ ಗಾಜಿನ ಒಳಬದಿ ಒದ್ದೆಯಾಗಿರುತ್ತದೆ. ಗಾಜು ಒರೆಸುವವರು ವಾರಕ್ಕೊಮ್ಮೆ ಬ್ಲೇಡಿನಲ್ಲಿ ಕೆರೆಯುತ್ತಾರೆ. ಚಿನ್ನ ಅಂದರೆ ಯಾರಾದರೂ ಕೆರೆದುಕೊಂಡು ಹೋಗುತ್ತಾರೆ ಅಂತ ಕೆಲವರು ಹೆದರಿಸುತ್ತಾರೆ. ಗಾಜಿಗೆ ಕಲೆ ಉಳಿಯುತ್ತದೆ ಅಂತ ಜಾಗದ ಮಾಲೀಕರಿಗೆ ಅನುಮಾನ. ಒಮ್ಮೆ ಮಾಡಿಸಿದ್ದು ಎರಡೇ ವರ್ಷಕ್ಕೆ ಅಮ್ಮನ ಅಂಗಡಿಗೆ ಅವಮಾನ ತರಬಾರದು ಅನ್ನುವುದಷ್ಟೇ ನನ್ನ ಆಸೆ. ಯಾವುದನ್ನು ಆರಿಸಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಸೇರಿಕೊಂಡಿವೆ. ಯಾವುದು ಚೆನ್ನಾಗಿ ಕಾಣುತ್ತದೆ ಅನ್ನುವುದು ಒಂದು. ಯಾವುದು ನಿಮ್ಮ ಗಾಜಿನ ಮೇಲೆ ನಿಲ್ಲುತ್ತದೆ ಅನ್ನುವುದು ಇನ್ನೊಂದು. ನಿಮಗೆ ಸಲಹೆ ಕೊಟ್ಟ ಇಬ್ಬರೂ ಹೆಚ್ಚಾಗಿ ಮೊದಲನೆಯದರ ಬಗ್ಗೆಯೇ ಮಾತಾಡಿದ್ದಾರೆ. ಗಾಜಿನ ಒಳಗೆ ಇಳಿಯುವ ನೀರು, ವಾರವಾರ ಬೀಳುವ ಬ್ಲೇಡು, ಇವೆರಡರ ಬಗ್ಗೆ ಅವರು ಕೇಳಿದಂತೆ ಕಾಣುವುದಿಲ್ಲ. ನಿಮ್ಮ ವಿಷಯದಲ್ಲಿ ತೀರ್ಮಾನ ನಿಂತಿರುವುದು ಅದರ ಮೇಲೆಯೇ.

ನನ್ನ ಸಲಹೆ ಮೊದಲೇ ಹೇಳಿಬಿಡುತ್ತೇನೆ. ಅಂಗಡಿಯ ಹೆಸರನ್ನು ಅಸಲಿ ಚಿನ್ನದ ರೇಕಿನಲ್ಲಿ ಮಾಡಿಸಿ. ಕೆಲಸದ ವಿವರ, ವೇಳೆ, ಫೋನ್ ನಂಬರನ್ನು ಒಳ್ಳೆಯ ಕಾಸ್ಟ್ (ಅಂದರೆ ದ್ರವ ಸುರಿದು ತಯಾರಿಸಿದ ಬಗೆಯ) ವಿನೈಲ್‌ನಲ್ಲಿ ಹಾಕಿಸಿ. ಆದರೆ ಇದಕ್ಕೆ ಎರಡು ಷರತ್ತು. ಬ್ಲೇಡಿನಲ್ಲಿ ಕೆರೆಯುವುದು ಪೂರ್ತಿ ನಿಲ್ಲಬೇಕು. ಒಳಬದಿಯ ತೇವ ಅಕ್ಷರ ಇರುವ ಜಾಗಕ್ಕೆ ಬರದ ಹಾಗೆ ಏನಾದರೂ ವ್ಯವಸ್ಥೆ ಆಗಬೇಕು. ಇವೆರಡರಲ್ಲಿ ಒಂದು ಸಾಧ್ಯವಾಗದಿದ್ದರೂ ಚಿನ್ನಕ್ಕೆ ಕೈ ಹಾಕಬೇಡಿ, ಎಲ್ಲವನ್ನೂ ಕಾಸ್ಟ್ ವಿನೈಲ್‌ನಲ್ಲೇ ಮಾಡಿಸಿ. ಅದರಲ್ಲಿ ಕೊರತೆ ಅಂತ ಏನೂ ಇಲ್ಲ. ಅರೆಬರೆ ಚಿನ್ನದ ಕೆಲಸಕ್ಕಿಂತ ಶುದ್ಧವಾಗಿ ಕತ್ತರಿಸಿ ಅಂಟಿಸಿದ ವಿನೈಲ್ ಎಷ್ಟೋ ಮೇಲು.

ಈಗ ಕಂದು ತಿರುಗಿರುವ ನಿಮ್ಮ ಹಳೆ ಅಕ್ಷರಗಳ ವಿಷಯ. ಅವು ಚಿನ್ನದ್ದಾಗಿರಲು ಸಾಧ್ಯವಿಲ್ಲ. ಚಿನ್ನ ಗಾಳಿಗೆ, ನೀರಿಗೆ, ಬಿಸಿಲಿಗೆ ಬಣ್ಣ ಕಳೆದುಕೊಳ್ಳುವ ಲೋಹ ಅಲ್ಲ. ಡಬ್ಬಿಯಲ್ಲಿ ಸಿಗುವ ಗೋಲ್ಡ್ ಪೇಂಟ್‌ನಲ್ಲಿ ಇರುವುದು ಸಾಮಾನ್ಯವಾಗಿ ತಾಮ್ರ ಮತ್ತು ಸತು ಬೆರೆತ ಲೋಹದ ಪುಡಿ. ಹೊಸದರಲ್ಲಿ ಚೆನ್ನಾಗಿ ಹೊಳೆಯುತ್ತದೆ, ಆಮೇಲೆ ತಾಮ್ರ ಗಾಳಿಯ ಜೊತೆ ಸೇರಿ ಕಂದಾಗುತ್ತದೆ. ರೇಕಿನಲ್ಲೂ ಇಂಥದ್ದೇ ಒಂದು ನಕಲಿ ಇದೆ. ಹಿತ್ತಾಳೆಯನ್ನು ಬಡಿದು ಮಾಡಿದ ಹಾಳೆ. ನೋಡಲು ಚಿನ್ನದ ಹಾಗೇ ಇರುತ್ತದೆ, ಅಳತೆಯಲ್ಲಿ ದೊಡ್ಡದು, ಸ್ವಲ್ಪ ದಪ್ಪ, ಬೆರಳಲ್ಲಿ ಹಿಡಿದು ಎತ್ತಬಹುದು. ಅಸಲಿ ರೇಕನ್ನು ಬೆರಳಲ್ಲಿ ಹಿಡಿಯಲು ಹೋದರೆ ಅದು ಚರ್ಮಕ್ಕೇ ಮೆತ್ತಿಕೊಂಡು ಚೂರಾಗುತ್ತದೆ. ಹಿತ್ತಾಳೆ ರೇಕನ್ನು ಒಳಾಂಗಣದ ಅಲಂಕಾರಕ್ಕೆ ಬಳಸಬಹುದು. ಬೀದಿಗೆ ಮುಖ ಮಾಡಿದ, ತೇವ ಇಳಿಯುವ ಗಾಜಿಗೆ ಬೇಡ.

ಆದ್ದರಿಂದ ಕಲಾವಿದರನ್ನು ಮೊದಲು ಕೇಳಬೇಕಾದ್ದು, "ಎಷ್ಟು ಕ್ಯಾರೆಟ್? ಪುಸ್ತಕ ತೋರಿಸ್ತೀರಾ?" ಅಂತ. ರೇಕು ಬರುವುದು ಚಿಕ್ಕ ಪುಸ್ತಕಗಳಲ್ಲಿ, ಸಾಮಾನ್ಯವಾಗಿ ಒಂದರಲ್ಲಿ 25 ಹಾಳೆ, ಪ್ರತಿ ಹಾಳೆ ಸುಮಾರು 8 ಸೆಂ.ಮೀ. ಚೌಕ. ಗಾಜಿನ ಕೆಲಸಕ್ಕೆ ಹೆಚ್ಚಾಗಿ 23 ಕ್ಯಾರೆಟ್ ಅಥವಾ ಅದಕ್ಕಿಂತ ಶುದ್ಧವಾದದ್ದನ್ನು ಬಳಸುತ್ತಾರೆ. 22 ಕೂಡ ನಡೆಯುತ್ತದೆ. ಅದಕ್ಕಿಂತ ಕೆಳಗೆ ಇಳಿದಂತೆ ಬೆಳ್ಳಿ, ತಾಮ್ರದ ಪಾಲು ಹೆಚ್ಚಾಗಿ ಮುಂದೆ ಮಂಕಾಗುವ ಸಾಧ್ಯತೆಯೂ ಹೆಚ್ಚುತ್ತದೆ. ಒಳ್ಳೆ ಕೆಲಸಗಾರರಿಗೆ ಈ ಪ್ರಶ್ನೆಯಿಂದ ಬೇಜಾರಾಗುವುದಿಲ್ಲ. ಖುಷಿಯಾಗಿ ಪುಸ್ತಕ ಬಿಚ್ಚಿ ತೋರಿಸುತ್ತಾರೆ.

"ಯಾರಾದರೂ ಕೆರೆದುಕೊಂಡು ಹೋಗುತ್ತಾರೆ" ಅನ್ನುವ ಭಯವನ್ನು ಇಲ್ಲೇ ಬಗೆಹರಿಸಿಬಿಡೋಣ. ರೇಕಿನ ದಪ್ಪ ಸುಮಾರು 0.1 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ 10,000ದಲ್ಲಿ ಒಂದು ಪಾಲು. ಒಂದು ಪುಸ್ತಕದಲ್ಲಿರುವ ಚಿನ್ನ ಅರ್ಧ ಗ್ರಾಂ ಕೂಡ ಇರುವುದಿಲ್ಲ. 15 ಸೆಂ.ಮೀ. ಎತ್ತರ, 2 ಮೀಟರ್ ಉದ್ದದ ಒಂದು ಪಟ್ಟಿಯನ್ನು ಎರಡು ಸುತ್ತು ಪೂರ್ತಿ ರೇಕಿನಿಂದ ಮುಚ್ಚಿದರೂ 100 ಹಾಳೆಯ ಆಸುಪಾಸು ಹಿಡಿಯುತ್ತದೆ, ತೂಕ 2 ಗ್ರಾಂ ದಾಟುವುದಿಲ್ಲ. ಅದರಲ್ಲೂ ಅಕ್ಷರದ ಆಚೆ ಬಿದ್ದ ಚಿನ್ನ ಕೊನೆಗೆ ಒರೆಸಿ ಹೋಗುತ್ತದೆ. ಉಳಿದದ್ದು ಗಾಜಿನ ಒಳಬದಿಯಲ್ಲಿ, ಬಣ್ಣದ ಜೊತೆ ಅಂಟಿಕೊಂಡಿರುತ್ತದೆ. ಬೀದಿಯಲ್ಲಿ ನಿಂತವರ ಉಗುರಿಗೆ ಸಿಗುವುದು ಬರೀ ಗಾಜು. ಈ ಕೆಲಸ ದುಬಾರಿ ಅನ್ನಿಸುವುದಕ್ಕೆ ಮುಖ್ಯ ಕಾರಣ ಲೋಹ ಅಲ್ಲ, ಅದನ್ನು ಕೂರಿಸುವ ಕೈಯ ಸಮಯ.

ಆ ಸಮಯ ಎಲ್ಲಿಗೆ ಹೋಗುತ್ತದೆ ಅಂತ ಸ್ವಲ್ಪ ವಿವರವಾಗಿ ಹೇಳಬೇಕು. ಅದು ಗೊತ್ತಾದರೆ ಚಿನ್ನ ಎಲ್ಲಿ ಸೋಲುತ್ತದೆ ಅನ್ನುವುದೂ ಗೊತ್ತಾಗುತ್ತದೆ.

ಕೆಲಸ ಪೂರ್ತಿ ಗಾಜಿನ ಒಳಬದಿಯಲ್ಲಿ, ಅಕ್ಷರಗಳನ್ನು ತಿರುಗುಮುರುಗಾಗಿ ಬರೆದು ನಡೆಯುತ್ತದೆ. ಮೊದಲು ಗಾಜನ್ನು ಒಂದು ಚೂರೂ ಜಿಡ್ಡು ಇಲ್ಲದ ಹಾಗೆ ತೊಳೆಯುತ್ತಾರೆ. ಆಮೇಲೆ ಡಿಸ್ಟಿಲ್ಡ್ ನೀರಿನಲ್ಲಿ ಜೆಲಟಿನ್ ಕರಗಿಸುತ್ತಾರೆ. ಔಷಧಿ ತುಂಬುವ ಖಾಲಿ ಕ್ಯಾಪ್ಸೂಲ್ ಇದೆಯಲ್ಲ, ಅದೇ ಜೆಲಟಿನ್. ಅರ್ಧ ಲೀಟರ್ ನೀರಿಗೆ ದೊಡ್ಡ ಗಾತ್ರದ ಒಂದೆರಡು ಕ್ಯಾಪ್ಸೂಲ್ ಸಾಕು. ಅಷ್ಟು ತೆಳು ಅಂಟು ಅದು. ಜಾಸ್ತಿಯಾದರೆ ಚಿನ್ನದ ಮುಖ ಮಬ್ಬಾಗುತ್ತದೆ, ಕಮ್ಮಿಯಾದರೆ ರೇಕು ನಿಲ್ಲುವುದಿಲ್ಲ. ನಲ್ಲಿ ನೀರಿನ ಉಪ್ಪು ಕಲೆಯಾಗಿ ಉಳಿಯುತ್ತದೆ ಅಂತ ಡಿಸ್ಟಿಲ್ಡ್ ನೀರು ಬಳಸುತ್ತಾರೆ. ಈ ನೀರನ್ನು ಗಾಜಿನ ಮೇಲೆ ಹರಿಸಿ, ಅಳಿಲಿನ ಕೂದಲಿನ ಅಗಲವಾದ ಬ್ರಷ್‌ನಲ್ಲಿ ರೇಕನ್ನು ಎತ್ತಿ ಹತ್ತಿರ ಹಿಡಿದರೆ ಅದು ತಾನೇ ಹಾರಿ ಗಾಜಿಗೆ ಅಂಟುತ್ತದೆ. ಒಣಗುತ್ತಾ ಹೋದಂತೆ ಸುಕ್ಕು ಬಿಟ್ಟು ಕನ್ನಡಿಯಂಥ ಹೊಳಪು ಬರುತ್ತದೆ. ಅದನ್ನು ಮೆತ್ತನೆಯ ಹತ್ತಿಯಿಂದ ಉಜ್ಜಿ, ಬಿರುಕು ಇದ್ದಲ್ಲಿ ಮುಚ್ಚಲು ಎರಡನೇ ಸುತ್ತು ರೇಕು ಹಾಕುತ್ತಾರೆ.

ಇಷ್ಟಾದರೂ ಅಕ್ಷರ ಇನ್ನೂ ಹುಟ್ಟಿಲ್ಲ. ಗಾಜಿನ ಮೇಲೆ ಚಿನ್ನದ ಚೌಕಗಳು ಮಾತ್ರ ಇವೆ. ಈಗ ಚಿನ್ನದ ಬೆನ್ನಿಗೆ ಕಪ್ಪು ಬಣ್ಣದಲ್ಲಿ ಅಕ್ಷರಗಳನ್ನು ಬರೆಯುತ್ತಾರೆ. ಅದು ಒಣಗಿದ ಮೇಲೆ ಒದ್ದೆ ಹತ್ತಿಯಲ್ಲಿ ಒರೆಸಿದರೆ, ಬಣ್ಣ ಇಲ್ಲದ ಕಡೆ ಜೆಲಟಿನ್ ಕರಗಿ ಚಿನ್ನ ಹೊರಟುಹೋಗುತ್ತದೆ. ಬಣ್ಣ ಇದ್ದ ಕಡೆ ಉಳಿಯುತ್ತದೆ. ಕೊನೆಗೆ ಅಂಚಿಗೆ ಗೆರೆ, ಬೇಕಿದ್ದರೆ ನೆರಳು. ಎಲ್ಲದರ ಮೇಲೆ ವಾರ್ನಿಷ್, ಅದೂ ಅಕ್ಷರದ ಅಂಚು ದಾಟಿ ಒಂದೆರಡು ಮಿಲಿಮೀಟರ್ ಗಾಜಿನ ಮೇಲೆ ಬರುವಂತೆ.

ಒದ್ದೆ ಹತ್ತಿಯಿಂದ ಒರೆಸಿದಾಗ ಬೇಡದ ಚಿನ್ನ ಹೋಯಿತು ಅಂದೆನಲ್ಲ, ಇಡೀ ವಿಷಯ ಅಲ್ಲೇ ಇದೆ. ಚಿನ್ನವನ್ನು ಗಾಜಿಗೆ ಹಿಡಿದಿರುವ ಅಂಟು ನೀರಿಗೆ ಕರಗುವಂಥದ್ದು. ಅದನ್ನು ಕಾಯುವುದು ಬೆನ್ನಿನ ಬಣ್ಣ ಮತ್ತು ಅಂಚಿನ ವಾರ್ನಿಷ್ ಮಾತ್ರ. ವಾರ್ನಿಷ್‌ನಲ್ಲಿ ಒಂದು ಕೂದಲೆಳೆ ಬಿರುಕು ಬಿಟ್ಟರೂ ಒಳಗಿಳಿಯುವ ನೀರು ಅಂಚಿನಿಂದ ನುಸುಳುತ್ತದೆ. ಜೆಲಟಿನ್ ಉಬ್ಬುತ್ತದೆ, ಬಣ್ಣದ ಜೊತೆಗೇ ಚಿನ್ನ ಎದ್ದು ಬರುತ್ತದೆ. ನನ್ನ ಹತ್ತಿರ ರಿಪೇರಿಗೆ ಬರುವ ಹಳೆ ಗಾಜುಗಳಲ್ಲಿ ಹಾನಿ ಹೆಚ್ಚಾಗಿ ಅಕ್ಷರದ ಕೆಳ ಅಂಚಿನಲ್ಲೇ ಶುರುವಾಗಿರುತ್ತದೆ. ನೀರು ಹರಿದು ನಿಲ್ಲುವ ಜಾಗ ಅದು. ಚಿನ್ನ ಮಾತ್ರ ಹಾಳಾಗಿರುವುದಿಲ್ಲ. ರೋಮ್ ನಗರದ ನೆಲದಡಿಯ ಸಮಾಧಿ ಸುರಂಗಗಳಲ್ಲಿ 4ನೇ ಶತಮಾನದ ಗಾಜಿನ ಬಟ್ಟಲುಗಳ ತಳಗಳು ಸಿಕ್ಕಿವೆ. ಎರಡು ಪದರ ಗಾಜಿನ ನಡುವೆ ಬೆಸೆದ ಚಿನ್ನದ ರೇಕಿನ ಚಿತ್ರಗಳು ಅವುಗಳಲ್ಲಿ ಇಂದಿಗೂ ಹೊಳೆಯುತ್ತವೆ. ಅಲ್ಲಿ ನೀರು ನುಸುಳಲು ದಾರಿಯಿಲ್ಲ, ಬ್ಲೇಡು ತಾಗಲು ಅಂಚಿಲ್ಲ.

ಹಾಗಾಗಿ "30 ವರ್ಷ ಮುಟ್ಟಿ ನೋಡಬೇಕಾಗಿಲ್ಲ" ಅನ್ನುವ ಮಾತು ಅರ್ಧ ಸರಿ. ಒಣಗಿದ, ಯಾರೂ ಕೆರೆಯದ ಗಾಜಿನ ಮೇಲೆ ಒಳ್ಳೆಯ ಕೆಲಸ ದಶಕಗಟ್ಟಲೆ ಉಳಿಯುತ್ತದೆ, ನಿಜ. ಆದರೆ ಕೆಲವು ವರ್ಷಕ್ಕೊಮ್ಮೆ ಅಂಚಿನ ವಾರ್ನಿಷ್ ನೋಡಿ, ಬೇಕಾದರೆ ಮತ್ತೆ ಹಚ್ಚಬೇಕು. ನಿಮ್ಮ ಈಗಿನ ಪರಿಸ್ಥಿತಿಯಲ್ಲಿ, ಒದ್ದೆ ಗಾಜು, ವಾರವಾರ ಬ್ಲೇಡು ಇರುವಾಗ, ಮೊದಲ ಕೆಲವು ತಿಂಗಳಲ್ಲೇ ಗೀರು ಕಾಣಿಸಬಹುದು. ಬ್ಲೇಡ್ ವಾರ್ನಿಷ್‌ನ ಅಂಚನ್ನು ಒಂದೇ ಒಂದು ಸಲ ಎತ್ತಿದರೂ ಸಾಕು, ಉಳಿದ ಕೆಲಸ ನೀರು ಮಾಡುತ್ತದೆ.

ತೇವಕ್ಕೆ ಏನು ಮಾಡಬಹುದು? ಒಳಗಿನ ಬೆಚ್ಚಗಿನ ಗಾಳಿಯ ತೇವ ತಣ್ಣಗಿನ ಗಾಜಿಗೆ ತಾಗಿ ನೀರಾಗುತ್ತದೆ. ಸಾಮಾನ್ಯವಾಗಿ ಗಾಜಿನ ಕೆಳಭಾಗವೇ ಹೆಚ್ಚು ತಣ್ಣಗಿರುವುದರಿಂದ ನೀರು ಅಲ್ಲೇ ಮೊದಲು ಕೂರುತ್ತದೆ. ಒಂದು ವಾರ ಬೆಳಗ್ಗೆ ಅಂಗಡಿ ತೆರೆದ ತಕ್ಷಣ ತೇವ ಎಷ್ಟು ಎತ್ತರದವರೆಗೆ ಇದೆ ಅಂತ ನೋಡಿ, ಗಾಜಿನ ಹೊರಗಡೆ ಸಣ್ಣ ಟೇಪ್ ಅಂಟಿಸಿ ಗುರುತು ಮಾಡಿ. ಆ ಗೆರೆಗಿಂತ ಸಾಕಷ್ಟು ಮೇಲೆ ಹೆಸರು ಬಂದರೆ ಅರ್ಧ ಸಮಸ್ಯೆ ಮುಗಿಯಿತು. ಗಾಜಿಗೆ ಒತ್ತಿ ಸಾಮಾನು ಇಟ್ಟಿದ್ದರೆ ಸ್ವಲ್ಪ ಹಿಂದೆ ಸರಿಸಿ, ಗಾಳಿ ಆಡಲಿ. ಚಿಕ್ಕ ಫ್ಯಾನ್ ಒಂದನ್ನು ಗಾಜಿನ ಕಡೆ ತಿರುಗಿಸಿದರೂ ವ್ಯತ್ಯಾಸ ಕಾಣುತ್ತದೆ. ಇದೆಲ್ಲ ಮಾಡಿಯೂ ಗಾಜು ಮೇಲಿನವರೆಗೆ ಒದ್ದೆಯಾಗುತ್ತಿದ್ದರೆ ಚಿನ್ನದ ಆಸೆ ಸದ್ಯಕ್ಕೆ ಬಿಡಿ.

ಈಗ ವಿನೈಲ್‌ಗೆ ಬರೋಣ. ಪಕ್ಕದ ಅಂಗಡಿಯ ಅಕ್ಷರ ನೋಡಿ ವಿನೈಲ್ ಅಂದರೇ ಹೀಗೆ ಅಂದುಕೊಳ್ಳಬೇಡಿ. ಅಲ್ಲಿ ಆಗಿರುವುದು ಒಂದು ಜಾತಿಯ ವಿನೈಲ್‌ನ ಸ್ವಭಾವ.

ವಿನೈಲ್ ಅಂದರೆ ಪಿ.ವಿ.ಸಿ. ಅದು ಮೂಲದಲ್ಲಿ ಗಟ್ಟಿ. ಮೆತ್ತಗಾಗಲಿ ಅಂತ ಪ್ಲಾಸ್ಟಿಸೈಜರ್ ಅನ್ನುವ ಎಣ್ಣೆಯಂಥ ವಸ್ತು ಸೇರಿಸುತ್ತಾರೆ. ಹಾಳೆ ತಯಾರಿಸಲು ಎರಡು ದಾರಿ ಇವೆ. ಒಂದು, ಬಿಸಿ ರೋಲರ್‌ಗಳ ನಡುವೆ ಚಪಾತಿಯಂತೆ ಲಟ್ಟಿಸಿ ಎಳೆಯುವುದು. ಇದನ್ನು ಕ್ಯಾಲೆಂಡರ್ಡ್ ಅನ್ನುತ್ತಾರೆ, ದಪ್ಪ ಸುಮಾರು 70ರಿಂದ 80 ಮೈಕ್ರಾನ್. ಎಳೆದ ಹಾಳೆಯಲ್ಲಿ ಬಿಗಿತ ಉಳಿದುಬಿಡುತ್ತದೆ. ಬಿಸಿಲು ಬಿದ್ದಾಗಲೆಲ್ಲ ಅದು ಹಳೆಯ ಅಳತೆಗೆ ಹಿಂದಿರುಗಲು ನೋಡುತ್ತದೆ, ಅಂದರೆ ಕುಗ್ಗುತ್ತದೆ. ಅಕ್ಷರ ಕುಗ್ಗಿದಾಗ ಅಂಚಿನ ಸುತ್ತ ಅಂಟು ಬಯಲಾಗುತ್ತದೆ, ಅದರ ಮೇಲೆ ಧೂಳು ಕೂರುತ್ತದೆ. ನೀವು ಪಕ್ಕದ ಅಂಗಡಿಯಲ್ಲಿ ನೋಡಿದ ಕಪ್ಪು ಗೆರೆ ಇದೇ. ಅಗ್ಗದ ಹಾಳೆಯಲ್ಲಿ ಪ್ಲಾಸ್ಟಿಸೈಜರ್ ಕೂಡ ಬೇಗ ಹೊರಬಂದು ಅಂಟಿಗೆ ಸೇರುತ್ತದೆ. ಆಮೇಲೆ ಅಕ್ಷರ ಒಣಗಿ ಒಡೆಯುತ್ತದೆ.

ಇನ್ನೊಂದು ದಾರಿಯಲ್ಲಿ ದ್ರವವನ್ನು ಕಾಗದದ ಮೇಲೆ ತೆಳ್ಳಗೆ ಸುರಿದು ಒಲೆಯಲ್ಲಿ ಒಣಗಿಸುತ್ತಾರೆ. ಎಳೆಯುವ ಮಾತೇ ಇಲ್ಲ, ಹಾಗಾಗಿ ಬಿಗಿತವೂ ಇಲ್ಲ. ಇದೇ ಕಾಸ್ಟ್ ವಿನೈಲ್, ದಪ್ಪ ಸುಮಾರು 50 ಮೈಕ್ರಾನ್. ಇಷ್ಟು ತೆಳು ಇದ್ದರೂ ಚಿನ್ನದ ರೇಕಿನ 500 ಪಟ್ಟು ದಪ್ಪ ಅಂತ ನೆನಪಿರಲಿ. ಹೊರಗೆ, ನೆಟ್ಟಗೆ ನಿಂತ ಗಾಜಿನ ಮೇಲೆ, ಅಗ್ಗದ ಮೊನೊಮೆರಿಕ್ (ಪ್ಲಾಸ್ಟಿಸೈಜರ್ ಬೇಗ ಹೊರಬರುವ) ಕ್ಯಾಲೆಂಡರ್ಡ್‌ಗೆ ಸಾಮಾನ್ಯವಾಗಿ 3ರಿಂದ 5 ವರ್ಷ ಹೇಳುತ್ತಾರೆ. ಪ್ಲಾಸ್ಟಿಸೈಜರ್ ನಿಧಾನವಾಗಿ ಹೊರಬರುವ ಪಾಲಿಮೆರಿಕ್‌ಗೆ 5ರಿಂದ 7. ಕಾಸ್ಟ್‌ಗೆ 7ರಿಂದ 10, ಕೆಲವಕ್ಕೆ ಅದಕ್ಕೂ ಜಾಸ್ತಿ. ಚಿನ್ನ, ಬೆಳ್ಳಿಯಂಥ ಮೆಟಾಲಿಕ್ ಬಣ್ಣಗಳಿಗೆ ತಯಾರಕರೇ ಕಡಿಮೆ ವರ್ಷ ಬರೆದಿರುತ್ತಾರೆ. ನಿಮ್ಮದು ಮಧ್ಯಾಹ್ನದ ಬಿಸಿಲು ಹೊಡೆಯುವ ಪಶ್ಚಿಮದ ಗಾಜು. ಮೇಲಿನ ಲೆಕ್ಕದಲ್ಲಿ ಕೆಳಗಿನ ಅಂಕಿಯನ್ನೇ ನಂಬಿ. ನಿಮ್ಮ 6 ವರ್ಷದ ಕರಾರಿಗೆ ಕಾಸ್ಟ್ ಸಾಕಾಗುತ್ತದೆ, ಮೊನೊಮೆರಿಕ್ ಸಾಕಾಗುವುದಿಲ್ಲ.

"ವ್ಯತ್ಯಾಸ ಯಾರಿಗೂ ಗೊತ್ತಾಗಲ್ಲ" ಅನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ರಸ್ತೆಯ ಆಚೆ ಬದಿಯಿಂದ, ಮೋಡ ಕವಿದ ಹೊತ್ತಲ್ಲಿ, ಬಹುಶಃ ಗೊತ್ತಾಗಲಿಕ್ಕಿಲ್ಲ. ಬಾಗಿಲ ಹತ್ತಿರ ಬಂದವರಿಗೆ ಗೊತ್ತಾಗುತ್ತದೆ. ರೇಕಿನ ಕೆಲಸದಲ್ಲಿ ನೀವು ನೋಡುವುದು ಗಾಜಿನ ಬೆನ್ನಿಗೆ ಮೆತ್ತಿದ ಲೋಹವನ್ನೇ. ಆ ಗಾಜೇ ಅಲ್ಲಿ ಕನ್ನಡಿಯಾಗುತ್ತದೆ. ಆಕಾಶ, ಓಡಾಡುವ ಜನ, ಸಂಜೆಯ ಬೆಳಕು ಎಲ್ಲ ಅದರಲ್ಲಿ ಸರಿಯುತ್ತವೆ. ಸಾಮಾನ್ಯ ಗೋಲ್ಡ್ ವಿನೈಲ್ ಅಂದರೆ ಪ್ಲಾಸ್ಟಿಕ್‌ನಲ್ಲಿ ಬೆರೆತ ಮಿನುಗು ಪುಡಿ. ಬೆಳಕನ್ನು ಚದುರಿಸುತ್ತದೆ, ಪ್ರತಿಬಿಂಬಿಸುವುದಿಲ್ಲ. ಕನ್ನಡಿಯಂತೆ ಹೊಳೆಯುವ ಇನ್ನೊಂದು ಬಗೆಯ ಗೋಲ್ಡ್ ಫಿಲ್ಮ್ ಸಿಗುತ್ತದೆ. ಅದು ಪಾಲಿಯೆಸ್ಟರ್ ಹಾಳೆಗೆ ಅಲ್ಯೂಮಿನಿಯಂ ಆವಿ ಕೂರಿಸಿ, ಹಳದಿ ಬಣ್ಣ ಕೊಟ್ಟದ್ದು. ತೇವ ತಾಗಿದರೆ ಅದರ ಅಂಚಿನಲ್ಲಿ ಅಲ್ಯೂಮಿನಿಯಂ ಕೊರೆದುಹೋಗುತ್ತದೆ, ಬಿಸಿಲಿಗೆ ಬಣ್ಣ ತೆಳುವಾಗುತ್ತದೆ. ನಿಮ್ಮ ಗಾಜಿಗೆ ಅದನ್ನು ಯಾರೇ ಹೇಳಲಿ, ಬೇಡ ಅನ್ನಿ.

ಇವೆರಡರ ನಡುವೆ ಒಂದು ದಾರಿ ಇದೆ. ಅಸಲಿ 22 ಕ್ಯಾರೆಟ್ ಚಿನ್ನದ ತೆಳು ಪದರವನ್ನೇ ಫಿಲ್ಮ್ ಮೇಲೆ ಕೂರಿಸಿ, ಯಂತ್ರದಲ್ಲಿ ಕತ್ತರಿಸಿ ಅಂಟಿಸುವ ಹಾಳೆ ಬರುತ್ತದೆ. ಬಣ್ಣ ನಿಜವಾದ ಚಿನ್ನದ್ದು, ಮಂಕಾಗುವುದಿಲ್ಲ. ಆದರೆ ಗಾಜಿನ ಹಿಂದೆ ಹಾಕಿದ ರೇಕಿನ ಕನ್ನಡಿ ಹೊಳಪು ಇದಕ್ಕೆ ಇಲ್ಲ, ಹಾಗೇ ಹಾಳೆ ಸುಲಭಕ್ಕೆ ಸಿಗುವುದಿಲ್ಲ. ತೇವ ತಡೆಯಲು ಆಗಲೇ ಇಲ್ಲ, ಆದರೂ ಹೆಸರು ಚಿನ್ನದಲ್ಲೇ ಇರಬೇಕು ಅನ್ನುವಾಗ ಇದನ್ನು ಯೋಚಿಸಿ. ಇದನ್ನು ಗಾಜಿನ ಹೊರಬದಿಗೆ ಅಂಟಿಸಬಹುದು.

ಒಳಬದಿ, ಹೊರಬದಿ ಅಂದಾಗ ನೆನಪಾಯಿತು, ವಿನೈಲ್‌ನವರನ್ನು ಕೇಳಲೇಬೇಕಾದ ಪ್ರಶ್ನೆ ಒಂದಿದೆ. ಒಳಗಿನಿಂದ ಅಂಟಿಸಿದರೆ ಬೀದಿಯವರು ಅಕ್ಷರವನ್ನು ಅಂಟಿನ ಪದರದ ಮೂಲಕ ನೋಡುತ್ತಾರೆ. ಬಿಳಿ, ಕೆನೆ ಬಣ್ಣದಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ. ಮೆಟಾಲಿಕ್ ಬಣ್ಣದಲ್ಲಿ ಹೊಳಪು ಸತ್ತು ಚುಕ್ಕೆಚುಕ್ಕೆಯಾಗಿ ಕಾಣಬಹುದು. ಕೆಲವು ಹಾಳೆಗಳಿಗೆ ಅಂಟಿನ ಬದಿ ಬೂದು ಬಣ್ಣವೇ ಇರುತ್ತದೆ. ಒಂದು ತುಂಡನ್ನು ನಿಮ್ಮ ಗಾಜಿಗೇ ಒಳಗಿನಿಂದ ಅಂಟಿಸಿಸಿ, ಹೊರಗೆ ಹೋಗಿ ನೋಡಿ, ಆಮೇಲೆ ಒಪ್ಪಿ. ಹೊರಬದಿಗೆ ಅಂಟಿಸಿದರೆ ನೋಟ ಚೆನ್ನ, ಆದರೆ ಮಳೆ, ಧೂಳು, ತುಂಟ ಕೈಗಳ ಕಾಟ. ನಿಮ್ಮ ಸಣ್ಣಕ್ಷರಗಳಿಗೆ ನನ್ನ ಆಯ್ಕೆ ಕೆನೆ ಬಣ್ಣ, ಒಳಬದಿ. ಕಾಸ್ಟ್ ವಿನೈಲ್‌ನ ಅಂಟು ತಿಳಿ ತೇವಕ್ಕೆ ಜೆಲಟಿನ್‌ನಂತೆ ಕರಗುವುದಿಲ್ಲ.

ಸಣ್ಣಕ್ಷರ ಅಂದರೆ ಎಷ್ಟು ಸಣ್ಣದು ಅನ್ನುವುದನ್ನೂ ನೋಡಬೇಕು. ನೋಡುವ ದೂರ 3 ಮೀಟರ್ ಹೆಚ್ಚಿದಂತೆ ಅಕ್ಷರದ ಎತ್ತರ ಸುಮಾರು 25 ಮಿ.ಮೀ. ಹೆಚ್ಚಬೇಕು ಅನ್ನುವುದು ಬೋರ್ಡ್ ಬರೆಯುವವರ ಹಳೆಯ ಲೆಕ್ಕ. ಆರಾಮವಾಗಿ ಓದಲು ಇದು ಸಾಕು. ಕನ್ನಡದಲ್ಲಿ ಬರೆಸುವುದಾದರೆ ಒತ್ತಕ್ಷರಕ್ಕೂ ಜಾಗ ಬೇಕು. ಇಲ್ಲಿ ವಿನೈಲ್‌ಗೆ ಒಂದು ತೊಡಕಿದೆ. ಒತ್ತುಗಳು, ದೀರ್ಘದ ಬಾಲಗಳು ಮೂಲ ಅಕ್ಷರದಿಂದ ಬೇರೆಯಾದ ಪುಟ್ಟ ತುಂಡುಗಳಾಗಿ ಕತ್ತರಿಸಲ್ಪಡುತ್ತವೆ. ಅವಕ್ಕೆ ಅಂಟಿನ ಹಿಡಿತ ಕಮ್ಮಿ, ಬಟ್ಟೆ ಸಿಕ್ಕಿದಾಗ ಮೊದಲು ಏಳುವುದು ಅವೇ. ಗೆರೆಯ ದಪ್ಪ 2 ಮಿ.ಮೀ.ಗಿಂತ ಕಮ್ಮಿ ಇರುವ ಅಕ್ಷರಶೈಲಿ ಬೇಡ. ಮೊನಚು ಮೂಲೆಗಳನ್ನು ಸ್ವಲ್ಪ ದುಂಡಗೆ ಮಾಡಿ ಕತ್ತರಿಸಲು ಹೇಳಿ. ಕೈಬರಹದ ಚಿನ್ನಕ್ಕೆ ಈ ಕಷ್ಟ ಇಲ್ಲ, ಕೂದಲೆಳೆಯ ಗೆರೆಯನ್ನೂ ಹಿಡಿಯುತ್ತದೆ. ಅಲ್ಲಿ ಬೇರೆ ಅಪಾಯ. ತಿರುಗಿಸಿ ಬರೆಯುವಾಗ ಒಂದು ಒತ್ತು ಬಿಟ್ಟುಹೋದರೆ ಒಳಗೆ ನಿಂತವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಬೆನ್ನಿನ ಬಣ್ಣ ಬರೆಯುವ ಮೊದಲು ಪೂರ್ತಿ ನಕ್ಷೆಯನ್ನು ಹೊರಗಿನಿಂದ ನೀವೇ ಓದಿ, ಇನ್ನೊಬ್ಬರಿಂದಲೂ ಓದಿಸಿ.

ಬೆಳಕಿನ ವಿಷಯವನ್ನು ಜನ ಮರೆಯುತ್ತಾರೆ. ಹಗಲಲ್ಲಿ ಬೀದಿಗಿಂತ ಅಂಗಡಿ ಒಳಗೆ ಬೆಳಕು ಕಡಿಮೆ, ಆದ್ದರಿಂದ ಹೊರಗಿನಿಂದ ಗಾಜು ಕಪ್ಪಾಗಿ ಕಾಣುತ್ತದೆ. ಅದರ ಮೇಲೆ ಚಿನ್ನವೂ ಎದ್ದು ಕಾಣುತ್ತದೆ, ಕೆನೆ ಬಣ್ಣವೂ ಎದ್ದು ಕಾಣುತ್ತದೆ. ಹಿಂದೆಯೇ ಬಿಳಿ ಪರದೆ ಇದ್ದರೆ ಎರಡೂ ಮಂಕು. ರಾತ್ರಿ ಒಳಗೆ ದೀಪ ಹಾಕಿದಾಗ ತಿರುವುಮುರುವು. ಚಿನ್ನದ ಬೆನ್ನಿಗೆ ಕಪ್ಪು ಬಣ್ಣ ಇರುವುದರಿಂದ ಹೊರಗಿನವರಿಗೆ ಅಕ್ಷರ ಕಪ್ಪು ನೆರಳಾಗಿ ಕಾಣುತ್ತದೆ, ಹೊಳಪು ಇರುವುದಿಲ್ಲ. ಸಂಜೆಯ ವ್ಯಾಪಾರ ಮುಖ್ಯವಾದರೆ ಹೊರಗಡೆ ಮೇಲಿನಿಂದ ಒಂದು ದೀಪ ಬೀಳುವಂತೆ ಮಾಡಿ. ಹಾಗೇ ಚಿನ್ನದ ಅಕ್ಷರಕ್ಕೆ ಗಾಢ ಬಣ್ಣದ ಅಂಚುಗೆರೆ ಹಾಕಿಸಿ. ಕನ್ನಡಿಯಂಥ ಅಕ್ಷರ ಎದುರಿನ ಕಪ್ಪು ಗೋಡೆಯನ್ನು ಪ್ರತಿಬಿಂಬಿಸಿದ ಹೊತ್ತಲ್ಲಿ ಓದಲು ಸಹಾಯ ಮಾಡುವುದು ಆ ಗೆರೆಯೇ.

ಮಾಲೀಕರ ಅನುಮಾನಕ್ಕೆ ಉತ್ತರ ಸುಲಭ. ಎರಡೂ ತೆಗೆಯಬಹುದು. ರೇಕಿನ ಕೆಲಸವನ್ನು ಪೇಂಟ್ ರಿಮೂವರ್‌ನಿಂದ ಮೆತ್ತಗಾಗಿಸಿ ಒರೆಸಿ ತೆಗೆಯುತ್ತಾರೆ. ವಿನೈಲನ್ನು ಹೇರ್ ಡ್ರೈಯರ್‌ನ ಬಿಸಿ ತೋರಿಸಿ, ಗಾಜಿಗೆ ಹತ್ತಿರದಲ್ಲೇ ಬಾಗಿಸಿ, ನಿಧಾನವಾಗಿ ಎಳೆಯಬೇಕು. ಉಳಿದ ಅಂಟು ಐಸೊಪ್ರೊಪೈಲ್ ಆಲ್ಕೊಹಾಲ್‌ಗೆ ಬಿಡುತ್ತದೆ. ಹೊರಬದಿಯಲ್ಲಿ ವರ್ಷಗಟ್ಟಲೆ ಇದ್ದ ಅಕ್ಷರ ತೆಗೆದ ಮೇಲೆ ಕೆಲವೊಮ್ಮೆ ಅದರ ಆಕಾರ ತೆಳ್ಳಗೆ ಕಾಣುತ್ತದೆ. ಸುತ್ತಲಿನ ಗಾಜು ಮಳೆ ಬಿಸಿಲಿಗೆ ಸವೆದಿರುತ್ತದೆ, ಅಕ್ಷರದ ಕೆಳಗಿನದು ಹೊಸದಾಗೇ ಇರುತ್ತದೆ. ಗಾಜಿಗೆ ಹಚ್ಚುವ ಪಾಲಿಷ್‌ನಿಂದ ಅದು ಬಹಳಷ್ಟು ಕಮ್ಮಿಯಾಗುತ್ತದೆ. ಒಳಬದಿಯಲ್ಲಿ ಈ ಸಮಸ್ಯೆ ಕಡಿಮೆ. ಇದನ್ನು ಮಾಲೀಕರಿಗೆ ಹೇಳಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆದುಕೊಳ್ಳಿ. ಕರಾರು ಮುಗಿದ ಮೇಲೆ ಚಿನ್ನವನ್ನು ಹೊಸ ಜಾಗಕ್ಕೆ ಒಯ್ಯಲು ಆಗುವುದಿಲ್ಲ. ಕರಾರು ಮುಂದುವರಿಯುವ ಭರವಸೆ ಎಷ್ಟಿದೆ ಅಂತ ಅವರ ಹತ್ತಿರ ಈಗಲೇ ಮಾತಾಡಿ. 2 ವರ್ಷದ ಕರಾರಾಗಿದ್ದರೆ ನಾನು ಚಿನ್ನ ಬೇಡವೇ ಬೇಡ ಅನ್ನುತ್ತಿದ್ದೆ. 6 ವರ್ಷಕ್ಕೆ, ಅಮ್ಮ ಕಟ್ಟಿದ ಹೆಸರಿಗೆ, ಅದು ತಕ್ಕ ಖರ್ಚು ಅಂತ ನನಗೆ ಅನ್ನಿಸುತ್ತದೆ.

ಗಾಜನ್ನೂ ಒಮ್ಮೆ ಪರೀಕ್ಷಿಸಿ. ಕತ್ತಲಾದ ಮೇಲೆ ಗಾಜಿನ ಹತ್ತಿರ ಒಂದು ಲೈಟರ್ ಉರಿ ಹಿಡಿದರೆ, ಒಂಟಿ ಗಾಜಿನಲ್ಲಿ ಎರಡು ಪ್ರತಿಬಿಂಬ, ಜೋಡಿ ಗಾಜಿನಲ್ಲಿ ನಾಲ್ಕು ಕಾಣುತ್ತವೆ. ಅವುಗಳಲ್ಲಿ ಒಂದರ ಬಣ್ಣ ಬೇರೆ ಇದ್ದರೆ ಗಾಜಿಗೆ ಶಾಖ ತಡೆಯುವ ಲೇಪ ಇದೆ ಅಂತ ಅರ್ಥ. ಒಳಬದಿಯಲ್ಲಿ ಯಾರಾದರೂ ಸನ್ ಫಿಲ್ಮ್ ಅಂಟಿಸಿದ್ದರೆ ಅದರ ಮೇಲೆ ರೇಕು ಹಾಕಿಸಬೇಡಿ. ಫಿಲ್ಮ್ ಹೋದ ದಿನ ಅಕ್ಷರವೂ ಹೋಗುತ್ತದೆ. ನಿಮ್ಮ ಗಾಜಿಗೆ ಇದ್ಯಾವುದೂ ಇಲ್ಲದಿದ್ದರೆ ಮುಂದುವರಿಯಬಹುದು.

ಕೆಲಸ ಕೊಡುವ ಮುಂಚೆ ಇಬ್ಬರ ಹತ್ತಿರವೂ ಹೆಸರಿನ ನಕ್ಷೆಯನ್ನು ಪೂರ್ತಿ ಅಳತೆಯಲ್ಲಿ ಕಾಗದದ ಮೇಲೆ ಬರೆಸಿ, ಗಾಜಿಗೆ ಅಂಟಿಸಿ, ರಸ್ತೆಯ ಆಚೆ ನಿಂತು ನೋಡಿ. ಅಕ್ಷರದ ಆಕಾರ, ನಡುವಿನ ಅಂತರ ಸರಿಯಿಲ್ಲದಿದ್ದರೆ ಯಾವ ಚಿನ್ನವೂ ಅದನ್ನು ಕಾಪಾಡುವುದಿಲ್ಲ. ಕಲಾವಿದರಿಗೆ ಅವರು ಹಿಂದೆ ಮಾಡಿದ, ಕನಿಷ್ಠ 5 ವರ್ಷ ಹಳೆಯದಾದ ಗಾಜು ತೋರಿಸಲು ಹೇಳಿ, ಕೆಳ ಅಂಚನ್ನು ಹತ್ತಿರದಿಂದ ನೋಡಿ. ವಿನೈಲ್‌ನವರ ಬಿಲ್ಲಿನಲ್ಲಿ ಹಾಳೆಯ ಕಂಪನಿ, ಮಾದರಿ, "ಕಾಸ್ಟ್" ಅನ್ನುವ ಪದ ಇರಲೇಬೇಕು. ಸುಮ್ನೆ "ಒಳ್ಳೆ ಕ್ವಾಲಿಟಿ" ಅಂತ ಬರೆದರೆ ಸಾಲದು.

ಚಿನ್ನದ ಕೆಲಸ ಮೊದಲು ಮುಗಿಯಲಿ, ವಾರ್ನಿಷ್ ಪೂರ್ತಿ ಗಟ್ಟಿಯಾದ ಮೇಲೆ ವಿನೈಲ್ ಬರಲಿ. ವಿನೈಲ್ ಅಂಟಿಸುವಾಗ ಸೋಪು ನೀರು ಚಿಮುಕಿಸುವುದುಂಟು, ಅದು ಹಸಿ ವಾರ್ನಿಷ್‌ಗೆ ತಾಗಬಾರದು. ಆಮೇಲೆ ಒಂದು ತಿಂಗಳು ಒಳಬದಿಯ ಅಕ್ಷರಗಳ ಹತ್ತಿರ ಯಾರೂ ಗಾಜು ಒರೆಸುವುದು ಬೇಡ. ಒರೆಸುವವರಿಗೆ ಬಾಯಲ್ಲಿ ಹೇಳಿದರೆ ಸಾಲುವುದಿಲ್ಲ, ಮುಂದಿನ ವಾರ ಬೇರೆಯವರು ಬರಬಹುದು. ಒಳಗಡೆ ಗಾಜಿನ ಮೂಲೆಯಲ್ಲಿ ಒಂದು ಚೀಟಿ ಅಂಟಿಸಿ: "ಬ್ಲೇಡ್ ಬೇಡ. ಅಮೋನಿಯಾ ಇರುವ ಸ್ಪ್ರೇ ಬೇಡ. ಅಕ್ಷರದ ಮೇಲೆ ಉಜ್ಜಬೇಡಿ. ಮೆತ್ತನೆ ಬಟ್ಟೆಯನ್ನು ಒದ್ದೆ ಮಾಡಿ, ಹಿಂಡಿ, ಅಕ್ಷರದ ಸುತ್ತ ಮಾತ್ರ ಒರೆಸಿ." ಹೊರಬದಿಯನ್ನು ಅವರು ಎಂದಿನಂತೆ ತೊಳೆಯಲಿ, ಅಲ್ಲಿ ಏನೂ ಇರುವುದಿಲ್ಲ.